ಬತ್ತಿದ ಬೋರುಗಳ ಪೈಪು ಹಾಡಿದ್ದು

ಶಿರಾದಿಂದ ಹೈವೇಗೆ ಇಳಿಯುವ ರಸ್ತೆಯ ಪಕ್ಕದಲ್ಲಿ ನನ್ನದೊಂದು ವೆಲ್ಡಿಂಗ್ ಶಾಪು ಇದೆ. ಗೇಟು, ಕಿಟಕಿಯ ಗ್ರಿಲ್ಲು, ಅಂಗಡಿಯ ಶಟರು, ಟ್ರಾಕ್ಟರಿನ ಟ್ರೇಲರು, ಹೀಗೆ ಕಬ್ಬಿಣದ ಯಾವುದು ಮುರಿದರೂ ನನ್ನ ಹತ್ತಿರ ಬರುತ್ತದೆ. ಸಂಗೀತದವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ ಎಂದು ನಾನು ಯಾವತ್ತೂ ಎಣಿಸಿರಲಿಲ್ಲ. ಬಂದರು. ಅವರು ಬಂದದ್ದಕ್ಕೆ ನಾನು ಇವತ್ತಿಗೂ ಅಲ್ಲಾಹನಿಗೆ ಶುಕ್ರಿಯಾ ಹೇಳುತ್ತೇನೆ.

ಆ ಬೆಳಿಗ್ಗೆ ಒಂದು ಕಲ್ಯಾಣ ಮಂಟಪದ ಗೇಟಿಗೆ ಬೆಸುಗೆ ಹಾಕುತ್ತಿದ್ದೆ. ಮಧುಗಿರಿಯ ಹೈಸ್ಕೂಲಿನ ಮೇಷ್ಟ್ರೊಬ್ಬರು ಬಂದು ನಿಂತರು. ಹಿಂದೆ ಅವರ ಸ್ಕೂಲಿನ ಗೇಟು ಮಾಡಿಕೊಟ್ಟಿದ್ದೆ, ಹಾಗಾಗಿ ಪರಿಚಯ. ಅವರ ಜೊತೆ ನಲವತ್ತು ದಾಟಿದ ಹೆಂಗಸೊಬ್ಬರು. ನೂಲಿನ ಸೀರೆ, ಕತ್ತಿನವರೆಗೆ ಕತ್ತರಿಸಿದ ಕೂದಲು, ಹೆಗಲಿಗೆ ಬಟ್ಟೆಯ ಚೀಲ.

"ಭಾಯಿ, ಇವ್ರು ಬೆಂಗಳೂರಿಂದ ಬಂದವ್ರೆ. ನಮ್ಮೂರಲ್ಲಿ ಒಂದು ಆರ್ಕೆಸ್ಟ್ರಾ ಮಾಡ್ತಾವ್ರೆ. ನಿಮ್ಮಿಂದ ಒಂದು ಕೆಲ್ಸ ಆಗ್ಬೇಕು" ಎಂದರು ಮೇಷ್ಟ್ರು.

ಆರ್ಕೆಸ್ಟ್ರಾ ಎಂದರೆ ನಮ್ಮ ಕಡೆ ಗಣೇಶನ ಹಬ್ಬದಲ್ಲಿ ಸಿನಿಮಾ ಹಾಡು ಹೇಳುವ ತಂಡ. "ಸ್ಟೇಜಾ ಸಾರ್? ಪೈಪಿನ ಸ್ಟೇಜು ಬಾಡಿಗೆಗೆ ಕೊಡೋರು ಬೇರೆ ಅವ್ರೆ" ಎಂದೆ.

ಆ ಮೇಡಂ ನಕ್ಕರು. ತಮ್ಮದು ಆ ಥರದ್ದಲ್ಲ, ಮೂವತ್ತು ಜನ ಒಟ್ಟಿಗೆ ಪಿಟೀಲು, ಕೊಳಲು, ತುತ್ತೂರಿ ಎಲ್ಲ ನುಡಿಸುವ ತಂಡ, ಅದಕ್ಕೆ ಸಂಗೀತ ಬರೆಯುವುದೂ ಕೋಲು ಹಿಡಿದು ನಡೆಸುವುದೂ ತನ್ನ ಕೆಲಸ ಎಂದು ಬಿಡಿಸಿ ಹೇಳಿದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಮಣ್ಣು, ನೀರು, ಬಿಸಿಲಿನ ಮೇಲೆ ಒಂದು ಗಂಟೆಯ ಸಂಗೀತ ಬರೆಯುತ್ತಿದ್ದರಂತೆ. ಇರುವುದನ್ನು ಕೆಡಿಸದೆ, ಮುಂದಿನವರಿಗೂ ಉಳಿಸಿ ಹೇಗೆ ಬಾಳುವುದು ಎನ್ನುವುದೇ ಅದರ ವಿಷಯ. ಅದನ್ನು ನಗರದ ಹಾಲಿನಲ್ಲಲ್ಲ, ಮಧುಗಿರಿ ಬೆಟ್ಟದ ಬುಡದಲ್ಲಿ, ಸ್ಕೂಲಿನ ಮೈದಾನದಲ್ಲಿ ನುಡಿಸಬೇಕು ಎಂದು ಅವರ ಆಸೆ.

"ಅದಕ್ಕೆ ನಂಗೆ ಗಂಟೆ ಬೇಕು" ಎಂದರು. "ಬತ್ತಿ ಹೋದ ಬೋರ್‌ವೆಲ್‌ನಿಂದ ಕಿತ್ತ ಕೇಸಿಂಗ್ ಪೈಪು ಇರುತ್ತಲ್ಲ, ಅದರ ಗಂಟೆ. ತಾಲ್ಲೂಕಿಗೆ ಎರಡರಂತೆ ಎಂಟು."

ಬೋರು ಕೊರೆದಾಗ ಮೇಲಿನ ಮಣ್ಣು ಕುಸಿಯದ ಹಾಗೆ ಇಳಿಸುವ ಗೇಣಗಲದ ಕಬ್ಬಿಣದ ಕೊಳವೆಯನ್ನೇ ನಾವು ಕೇಸಿಂಗ್ ಎನ್ನುವುದು. ನೀರು ನಿಂತ ಮೇಲೆ ಅದನ್ನು ಎಳೆದು ತೆಗೆದು ಇನ್ನೊಂದು ಬೋರಿಗೆ ಹಾಕುತ್ತಾರೆ. ಇಲ್ಲವೇ ದನದ ಕೊಟ್ಟಿಗೆಗೆ ಕಂಬ ಮಾಡುತ್ತಾರೆ. ಅದನ್ನು ಬಾರಿಸುವವರನ್ನು ನಾನು ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಪೇಟೆಯವರ ಹುಚ್ಚಾಟ ಅಂದುಕೊಂಡೆ. ಕೆಲಸ ತುಂಬಾ ಇದೆ ಎಂದು ಹೇಳಿ ಸಾಗಹಾಕಲು ಬಾಯಿ ತೆರೆಯುವಷ್ಟರಲ್ಲಿ ಅವರು ಗೋಡೆಗೆ ಒರಗಿಸಿದ್ದ ಪೈಪಿನ ತುಂಡೊಂದನ್ನು ಹಗ್ಗದಲ್ಲಿ ಎತ್ತಿ ಹಿಡಿದು, ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, ಅದರ ದನಿಗೆ ಸರಿಯಾಗಿ ಬಾಯಲ್ಲಿ ಸ್ವರ ಹಿಡಿದರು.

ನನಗೆ ತಡೆಯಲಾಗಲಿಲ್ಲ. "ಪೈಪು ಇನ್ನೂ ಒಂದು ಎಳೆ ಕೆಳಗೈತೆ ಮೇಡಂ. ನೀವು ಸ್ವಲ್ಪ ಮೇಲಿದ್ದೀರಿ" ಎಂದುಬಿಟ್ಟೆ.

ಅವರು ಹಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಮೊಬೈಲು ತೆಗೆದು ಏನೋ ಒತ್ತಿ ಪೈಪಿಗೆ ಹಿಡಿದರು. "ಹೌದು, ನೀವು ಹೇಳಿದ್ದೇ ಸರಿ. ಎಲ್ಲಿ ಕಲಿತ್ರಿ?"

ನಾನು ಕಲಿತವನಲ್ಲ. ನನ್ನ ಅಬ್ಬಾ ಮದುವೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು. ಸಂತೆಗೆ ಹೋದಾಗ ಪಾತ್ರೆ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ, ತಪ್ಪಲೆ, ಬಿಂದಿಗೆ ತಟ್ಟಿ, ಯಾವುದು ಮೇಲೆ ಯಾವುದು ಕೆಳಗೆ ಎಂದು ಕೇಳುವುದು ಅವರಿಗೆ ಆಟ. ತಪ್ಪು ಹೇಳಿದರೆ ಕಿವಿ ಹಿಂಡುತ್ತಿದ್ದರು, ಸರಿ ಹೇಳಿದರೆ ಒಂದು ಖರ್ಜೂರ. ಮದುವೆಗಳಿಗೆ ದೊಡ್ಡ ದೊಡ್ಡ ಸ್ಪೀಕರು ಬಂದ ಮೇಲೆ ಆ ಸೆಟ್ಟು ಒಡೆದುಹೋಯಿತು. ಅಬ್ಬಾ ವಾದ್ಯ ಬಿಟ್ಟು ವೆಲ್ಡಿಂಗ್ ಹಿಡಿದರು, ನನಗೂ ಅದನ್ನೇ ಕಲಿಸಿದರು. ಅವರು ಕೊಟ್ಟ ಕಿವಿಯನ್ನು ಯಾರೂ ಅಲ್ಲಿಯವರೆಗೆ ಕೆಲಸಕ್ಕೆ ಕರೆದಿರಲಿಲ್ಲ. ಒಪ್ಪಿಕೊಂಡೆ.

ಮುಂದಿನ ಮೂರು ವಾರ ಬಿಡುವಾದಾಗಲೆಲ್ಲ ಮೇಷ್ಟ್ರು ಮತ್ತು ನಾನು ಒಂದು ಗೂಡ್ಸ್ ಆಟೋದಲ್ಲಿ ಪೈಪಿಗೆಂದು ಊರೂರು ಅಲೆದೆವು. ಹುಲಿಕುಂಟೆಯಲ್ಲಿ ಒಬ್ಬ ಕುರಿಗಾಹಿ ತನ್ನ ಕುರಿರೊಪ್ಪದ ಬಾಗಿಲಿಗೆ ಅಡ್ಡ ಇಟ್ಟಿದ್ದ ಪೈಪನ್ನು ತೆಗೆದುಕೊಟ್ಟ. "ಹಾಡ್ತದಾ ಇದು? ನನ್ ಕುರಿ ದಿನಾ ಇದ್ಕೆ ಮೈ ಉಜ್ಕಂತಾವೆ, ಒಂದಿನಾನೂ ಹಾಡ್ಲಿಲ್ಲ ಬುಡಪ್ಪ" ಎಂದು ನಕ್ಕ. ಗೊರವನಹಳ್ಳಿಯ ದಾರಿಯಲ್ಲಿ, ದೇವಸ್ಥಾನಕ್ಕೆ ಬರುವ ಬಸ್ಸುಗಳು ನಿಲ್ಲುವ ಕಡೆ, ಹೂವಿನ ಅಂಗಡಿಯ ಚಪ್ಪರಕ್ಕೆ ಎರಡು ಪೈಪು ಕಂಬವಾಗಿ ನಿಂತಿದ್ದವು. ಅಂಗಡಿಯವಳು ಬದಲಿಗೆ ಎರಡು ಒಳ್ಳೆಯ ಕಂಬ ನೆಟ್ಟುಕೊಟ್ಟರೆ ಸಾಕು ಎಂದಳು, ನೆಟ್ಟುಕೊಟ್ಟೆ. ಹೀಗೆ ಏಳು ಸಿಕ್ಕವು.

ಎಂಟನೆಯದು ಪಾವಗಡದ ಕಡೆ ರಾಯಚರ್ಲುವಿನಲ್ಲಿ ಸಿಕ್ಕಿತು. ಊರಿಗೆ ಹೋಗುವ ದಾರಿಯುದ್ದಕ್ಕೂ ಎರಡೂ ಕಡೆ ಸೋಲಾರ್ ಪ್ಯಾನಲುಗಳು. ಬಿಸಿಲಿಗೆ ಕೆರೆಯ ಹಾಗೆ ಹೊಳೆಯುತ್ತವೆ. ಒಂದು ಮನೆಯ ಮುಂದೆ ಎರಡು ಕಲ್ಲಿನ ಮೇಲೆ ಉದ್ದದ ಪೈಪು ಮಲಗಿಸಿ, ಅದರ ಮೇಲೆ ಒಬ್ಬ ಮುದುಕಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಎಪ್ಪತ್ತರ ಮೇಲಾಗಿತ್ತು. ಅವಳ ಜಮೀನು ಈಗ ಸೋಲಾರ್‌ಗೆ ಗುತ್ತಿಗೆ ಹೋಗಿದೆ, ಸೊಸೆ ಅಲ್ಲೇ ಪ್ಯಾನಲು ತೊಳೆಯುವ ಕೆಲಸಕ್ಕೆ ಹೋಗುತ್ತಾಳೆ. ನಾವು ಬಂದ ಕೆಲಸ ಹೇಳಿದೆವು.

"ಇದ್ನಾ? ಇದು ನಾ ಕೂರೋ ಜಾಗ ಕದಾ ನಾಯ್ನಾ" ಎಂದಳು. ಅವರ ತೆಲುಗಿನಲ್ಲಿ ಕದಾ ಎಂದರೆ ಅಲ್ಲವಾ, ನಾಯ್ನಾ ಎಂದರೆ ಅಪ್ಪಾ ಎಂದ ಹಾಗೆ. ಆಮೇಲೆ ಪೈಪನ್ನು ಕೈಯಲ್ಲಿ ಸವರುತ್ತ, ಕೇಳದಿದ್ದರೂ ಹೇಳಿದಳು: "ನಾನೂ ನನ್ ಗಂಡನೂ ನಿಂತ್ಕಂಡು ಹಾಕ್ಸಿದ್ ಬೋರು. ನೀರು ಬಂದಾಗ ಆವಪ್ಪ ಚಡ್ಡಿ ಷರ್ಟು ಸಮೇತ ನೆಂದು ಕುಣದ. ಹನ್ನೊಂದು ವರ್ಷ ಕಡ್ಲೆಕಾಯಿ ಬೆಳೆದ್ವಿ. ಆಮ್ಯಾಕೆ ಬರೀ ಗಾಳಿ ಬಂತು."

ಪೈಪಿನ ಒಂದು ತುದಿಯಲ್ಲಿ ಚಾಣದಿಂದ ಹೊಡೆದ ಒಂದು ಗುರುತಿತ್ತು, ಎರಡು ಗೆರೆ, ನಡುವೆ ಒಂದು ಚುಕ್ಕಿ. ಯಾರೂ ಕದಿಯದಿರಲಿ ಎಂದು ಗಂಡ ಹಾಕಿದ ಗುರುತು. ಅವನು ತೀರಿಕೊಂಡು ಏಳು ವರ್ಷವಾಗಿತ್ತು.

"ತಗಂಡೋಗು. ಆದ್ರೆ ಆವಪ್ಪನ ಗುರುತು ಅಳಿಸ್ಬೇಡ. ಬಣ್ಣಾನೂ ಬಳೀಬೇಡ. ಕೇಳಕ್ಕೆ ನಾನೂ ಬರ್ತೀನಿ, ನನ್ ಪೈಪು ಯಾವ್ದು ಅಂತ ನಂಗೆ ತಿಳೀಬೇಕು" ಎಂದಳು.

ಆಗಲಮ್ಮಾ ಎಂದು ಮಾತು ಕೊಟ್ಟೆ.

ಪೈಪನ್ನು ಗಂಟೆ ಮಾಡುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಉದ್ದ ಕಡಿಮೆಯಾದಷ್ಟೂ ದನಿ ಮೇಲೇರುತ್ತದೆ ಎಂದು ತಿಳಿದಿತ್ತು. ಆದರೆ ಎಲ್ಲಿ ನೇತುಹಾಕಬೇಕು ಎನ್ನುವುದು ತಿಳಿದಿರಲಿಲ್ಲ. ತುದಿಗೆ ತೂತು ಹೊಡೆದು ಹಗ್ಗ ಕಟ್ಟಿದರೆ ದನಿ ಅಲ್ಲೇ ಸತ್ತುಹೋಗುತ್ತಿತ್ತು. ಒಂದು ಪೈಪನ್ನು ಎರಡು ಟೈರಿನ ಮೇಲೆ ಮಲಗಿಸಿ, ಮೈಯುದ್ದಕ್ಕೂ ಬೆರಳು ಇಟ್ಟು ಇಟ್ಟು ತಟ್ಟುತ್ತ ಹೋದೆ. ತುದಿಯಿಂದ ಹೆಚ್ಚುಕಡಿಮೆ ಐದನೇ ಒಂದು ಪಾಲು ಒಳಗೆ ಒಂದು ಜಾಗ ಸಿಕ್ಕಿತು. ಅಲ್ಲಿ ಬಿಗಿಯಾಗಿ ಹಿಡಿದರೂ ಪೈಪು ಹಾಡುತ್ತಲೇ ಇತ್ತು. ಅಲ್ಲೇ ತೂತು ಹೊಡೆದು ನೇತುಹಾಕಿದೆ. ಬಾರಿಸಲು ಮರದ ಸುತ್ತಿಗೆ, ಅದರ ಬಾಯಿಗೆ ಹಳೆಯ ಟ್ಯೂಬಿನ ರಬ್ಬರು. ತಟ್ಟಿದರೆ ನಮ್ಮ ಬೀದಿಯ ಹೋಟೆಲಿನವರೆಗೂ ಕೇಳುವ ದನಿ, ಅಷ್ಟಾದರೂ ಕರ್ಕಶವಿಲ್ಲ.

ಮೇಡಂ ಕಳಿಸಿದ ಸ್ವರಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು, ಕೇಳಿ, ಕತ್ತರಿಸಿ, ಮತ್ತೆ ಕೇಳಿ, ಏಳು ಪೈಪುಗಳನ್ನು ಸ್ವರಕ್ಕೆ ಕೂರಿಸಿದೆ. ಎಂಟನೆಯದಕ್ಕೆ ಬರುವ ಹೊತ್ತಿಗೆ ನನಗೆ ಜಂಬ ಬಂದಿತ್ತು. ಶಾಪಿಗೆ ಬಂದ ಗಿರಾಕಿಗಳು ಸುತ್ತ ನಿಂತು ನೋಡುತ್ತಿದ್ದರು. ನನ್ನ ಟೇಪಿನ ಮೊದಲ ಎರಡು ಇಂಚು ಹಿಂದೆಯೇ ಕಿತ್ತುಹೋಗಿತ್ತು. ಬೇಕಾದ ಅಳತೆಗೆ ಎರಡು ಇಂಚು ಸೇರಿಸಿ ಗುರುತು ಹಾಕುವುದು ನನಗೆ ರೂಢಿ. ಆ ದಿನ ಮಾತಾಡುತ್ತ ಅಳೆದೆ, ಸೇರಿಸಲಿಲ್ಲ, ಕತ್ತರಿಸಿದೆ.

ತಟ್ಟಿದ ಮೇಲೆ ತಿಳಿಯಿತು. ದನಿ ಬೇಕಾದ ಸ್ವರವನ್ನು ದಾಟಿ ಮೇಲೆ ಹೋಗಿತ್ತು. ಅದರ ಮುಂದಿನ ಸ್ವರಕ್ಕೂ ಸರಿಯಾಗಿ ಕೂರದೆ ಅದನ್ನೂ ಒಂದಿಷ್ಟು ದಾಟಿ ನಡುವೆ ಎಲ್ಲೋ ನಿಂತಿತ್ತು.

ಕಬ್ಬಿಣವನ್ನು ಕತ್ತರಿಸಿದರೆ ಕೂಡಿಸಬಹುದು ಎಂಬುದು ನನ್ನ ಕಸುಬಿನ ಧೈರ್ಯ. ಕತ್ತರಿಸಿ ತೆಗೆದ ತುಂಡಿನಿಂದ ಬಳೆಯ ಹಾಗೆ ಎರಡು ಇಂಚು ಕೊಯ್ದು, ಅದನ್ನು ಮತ್ತೆ ಬೆಸೆದು, ಗ್ರೈಂಡರು ಹಿಡಿದು ನಯ ಮಾಡಿ ತಟ್ಟಿದೆ. ಬಿರುಕು ಬಿಟ್ಟ ಮಡಕೆಯ ಹಾಗೆ ಠಪ್ ಎಂದಿತು. ಬೆಸುಗೆ ಬಿಡಿಸಿ ಬಳೆಯನ್ನು ತೆಗೆದು ಪಕ್ಕಕ್ಕಿಟ್ಟೆ.

ಆಮೇಲೆ ನಾನು ಮಾಡಲು ಹೊರಟದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಗುಜರಿಯಿಂದ ಅದೇ ಅಳತೆಯ ಇನ್ನೊಂದು ಕೇಸಿಂಗ್ ತಂದೆ. ಸ್ವರಕ್ಕೆ ಸರಿಯಾಗಿ ಕತ್ತರಿಸಿದೆ, ಚೆನ್ನಾಗಿ ಹಾಡಿತು. ಅದರ ತುದಿಯಲ್ಲಿ ಚಾಣ ಇಟ್ಟು ಮೊದಲನೆಯ ಗೆರೆ ಹೊಡೆದೆ. ಎರಡನೆಯ ಗೆರೆ ಹೊಡೆಯುತ್ತಿದ್ದಾಗ ನನ್ನ ಹೆಂಡತಿ ಮಧ್ಯಾಹ್ನದ ಊಟ ತಂದಳು. ಡಬ್ಬಿ ಕೆಳಗಿಟ್ಟು, ಬಗ್ಗಿ, ಒಂದು ಪೈಪು ನೋಡಿದಳು, ಇನ್ನೊಂದು ಪೈಪು ನೋಡಿದಳು. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಅವಳು ಹೇಳಿದ್ದು ಕನ್ನಡದಲ್ಲಿ ಹೀಗೆ:

"ಯಾರ ಗುರುತು ಅದು?"

"ಅದೇ ರಾಯಚರ್ಲು ಅಮ್ಮನ ಗಂಡನದು."

"ಸತ್ತವರ ಸಹಿ ನೀವು ಹಾಕ್ತಿದ್ದೀರಾ ಜೀ?"

ಡಬ್ಬಿ ಬಿಚ್ಚಿ ಅನ್ನ ಬಡಿಸಿದಳು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಚಾಣವನ್ನು ಪೆಟ್ಟಿಗೆಗೆ ಎಸೆದು, ಕೈ ತೊಳೆದು, ಮೇಡಂಗೆ ಫೋನ್ ಮಾಡಿದೆ. ಆದದ್ದೆಲ್ಲ ಹೇಳಿದೆ, ಚಾಣ ಹಿಡಿದದ್ದನ್ನೂ ಬಿಡದೆ.

ಅವರು ಬೈಯಲಿಲ್ಲ. ಮರುದಿನ ಬಸ್ಸಿನಲ್ಲಿ ಶಿರಾಕ್ಕೆ ಬಂದರು. ಎಣ್ಣೆಯ ಖಾಲಿ ಡ್ರಮ್ಮನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತು, "ಬಾರಿಸಿ" ಎಂದರು. ಬಾರಿಸಿದೆ. "ಇನ್ನೊಂದ್ಸಲ." ದನಿ ಪೂರ್ತಿ ಆರುವವರೆಗೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಒಂದು ಇಪ್ಪತ್ತು ಸಲವಾದರೂ ಬಾರಿಸಿರಬೇಕು. ಪಕ್ಕದ ಪಂಕ್ಚರ್ ಅಂಗಡಿಯವರು ಯಾರಿಗೋ ಏನೋ ಆಗಿದೆ ಎಂದು ಎದ್ದು ಬಂದು ನೋಡಿ ಹೋದರು.

"ಇದನ್ನ ಮುಟ್ಟಬೇಡಿ ಭಾಯಿ" ಎಂದರು ಕೊನೆಗೆ. "ಹೀಗೇ ಇರಲಿ. ನಾನು ಬರೆದದ್ದನ್ನ ಬದಲಾಯಿಸ್ತೀನಿ."

"ಒಂದು ಪೈಪಿಗೋಸ್ಕರ ಮೂವತ್ತು ಜನರ ಸಂಗೀತ ಬದಲಾಯಿಸ್ತೀರಾ ಮೇಡಂ? ತಪ್ಪು ನಂದು."

"ಪಿಟೀಲಿನ ಕತ್ತಿನ ಮೇಲೆ ಗೆರೆ ಇಲ್ಲ. ಎರಡು ಸ್ವರದ ನಡುವೆ ಎಲ್ಲಿ ಬೇಕಾದ್ರೂ ಬೆರಳಿಡಬಹುದು. ಪೈಪು ನಮ್ಮ ಹತ್ರ ಬರೋಕೆ ಆಗಲ್ಲ ಅಂದ್ರೆ ನಾವೇ ಅದರ ಹತ್ರ ಹೋಗೋಣ. ನೋಡಿ, ಮೊದಲು ನಾನು ಎಂಟೂ ಪೈಪು ಒಟ್ಟಿಗೆ ಬಾರಿಸಿ ಮುಗಿಸೋದು ಅಂತ ಬರೆದಿದ್ದೆ. ಈಗ ಇದು ಒಂದೇ ಬಾರಿಸುತ್ತೆ. ಪಿಟೀಲುಗಳು ಒಂದೊಂದಾಗಿ ಹುಡುಕ್ಕೊಂಡು ಇದರ ಹತ್ರ ಬರ್ತಾವೆ."

ನಮ್ಮ ಮನೆಗೆ ಕರೆದುಕೊಂಡು ಹೋದೆ. ನನ್ನ ಹೆಂಡತಿ ಮಾಡಿದ ಖುಷ್ಕಾ, ಬದನೆಕಾಯಿ ಗೊಜ್ಜು ಉಂಡು, ಹೊರಡುವಾಗ ಅವಳ ಕೈ ಹಿಡಿದು "ನಿಮಗೆ ಥ್ಯಾಂಕ್ಸ್" ಎಂದರು. ಯಾತಕ್ಕೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಬದನೆಕಾಯಿಗೆ ಇರಬೇಕು ಎಂದುಕೊಂಡಳು. ನಾನು ಬಿಡಿಸಿ ಹೇಳಲಿಲ್ಲ.

ಇನ್ನು ಉಳಿದದ್ದು ರಾಯಚರ್ಲು. ಭಾನುವಾರ ಒಬ್ಬನೇ ಹೋದೆ. ಪೈಪು ತೆಗೆದುಕೊಂಡು ಹೋದ ಮೇಲೆ ಆ ಅಮ್ಮ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಹೇಳಿದೆ, ಅಳತೆ ತಪ್ಪಿ ಎರಡು ಇಂಚು ಹೆಚ್ಚು ಕತ್ತರಿಸಿಬಿಟ್ಟೆ ಎಂದು.

"ಗುರುತು ಐತಾ?" ಎಂದು ಕೇಳಿದಳು.

"ಐತಮ್ಮ. ಅದನ್ನ ಮುಟ್ಟಿಲ್ಲ."

"ಮತ್ತೇನು? ನೀರೇ ಹೋಯ್ತು, ಎಲ್ಡು ಇಂಚಿಗೆ ಯಾಕಿಂಗೆ ಮಕ ಬಾಡಿಸ್ಕಂಡಿದೀಯಾ?" ಎಂದಳು. ಆಮೇಲೆ, "ಆ ಕತ್ರಿಸಿದ್ ತುಂಡು ಇಟ್ಟಿದೀಯಾ? ದುಂಡುಗೆ ಐತಲ್ಲ, ನೀರಿನ ಮಡಕೆ ಅಲ್ಲಾಡ್ದಂಗೆ ಕೂರ್ಸಕ್ಕೆ ಬತ್ತದೆ. ತಂದ್ಕೊಡು. ಬಿಸಾಕ್ಬೇಡ" ಎಂದಳು.

ಕ್ಷಮೆ ಕೇಳಲು ಹೋದವನು, ಮಾಡಬೇಕಾದ ಕೆಲಸವೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದೆ. ಬಳೆಯ ಅಂಚು ಕೈಗೆ ತಾಗದ ಹಾಗೆ ಉಜ್ಜಿ, ಮುಂದಿನ ವಾರ ತಲುಪಿಸಿದೆ.

ಕಛೇರಿಗೆ ಎರಡು ದಿನ ಇರುವಾಗ ಸಂಗೀತದವರೆಲ್ಲ ಮಧುಗಿರಿಗೆ ಬಂದು ಸ್ಕೂಲಿನ ಕೋಣೆಗಳಲ್ಲಿ ಇಳಿದುಕೊಂಡರು. ಅಲ್ಲಿ ಇನ್ನೊಂದು ಸುದ್ದಿ ಕಾದಿತ್ತು. ಪೈಪು ಬಾರಿಸುವ ಕೆಲಸ ನನ್ನದೇ ಎಂದರು ಮೇಡಂ. ತಂಡದಲ್ಲಿ ಡೋಲು, ತಾಳ ಬಾರಿಸುವವರಿದ್ದರೂ, ಯಾವ ಪೈಪಿನ ಯಾವ ಜಾಗಕ್ಕೆ ಎಷ್ಟು ಪೆಟ್ಟು ಎಂದು ತಿಳಿದವನು ನಾನೊಬ್ಬನೇ. ನನಗೆ ಅವರ ಹಾಳೆಯ ಮೇಲಿನ ಚುಕ್ಕಿ ಗೆರೆ ಓದಲು ಬರುವುದಿಲ್ಲ ಎಂದೆ. "ನನ್ನ ಎಡಗೈ ನೋಡ್ತಾ ಇರಿ. ಬೆರಳು ಎಷ್ಟು ತೋರಿಸ್ತೀನೋ ಆ ನಂಬರಿನ ಪೈಪು. ಎಂಟನೇದಕ್ಕೆ ಅಂಗೈ ಬಿಚ್ಚಿ ತೋರಿಸ್ತೀನಿ" ಎಂದರು. ಐದರ ಮೇಲೆ ಹೇಗೆ ಎಂದು ಕೇಳಿದೆ. ಅವರು ತಮ್ಮ ಕೈಯನ್ನೇ ನೋಡಿಕೊಂಡು ಜೋರಾಗಿ ನಕ್ಕುಬಿಟ್ಟರು. ಕೊನೆಗೆ ಪಕ್ಕದಲ್ಲಿ ಕೊಳಲಿನ ಅಮ್ಮ ಒಬ್ಬರು ಕೂತು, ನನ್ನ ಸರದಿ ಬಂದಾಗ ಪೈಪಿನ ನಂಬರನ್ನು ಮೆಲ್ಲಗೆ ಹೇಳುವುದೆಂದು ಆಯಿತು.

ಆ ಕಛೇರಿಗೆ ಮೈಕಿಲ್ಲ, ಜನರೇಟರಿಲ್ಲ, ಲೈಟಿಲ್ಲ. "ಭೂಮಿ ಉಳಿಸಿ ಅಂತ ಡೀಸೆಲ್ ಸುಟ್ಟು ಹೇಳಿದ್ರೆ ನಮಗೇ ನಗು ಬರುತ್ತೆ" ಎಂದಿದ್ದರು ಮೇಡಂ. ಅದಕ್ಕೇ ಸಂಜೆ ನಾಲ್ಕೂವರೆಗೆ ಶುರು, ಹೊತ್ತು ಮುಳುಗುವ ಮೊದಲು ಮುಗಿಯಬೇಕು. ಹಿಂದೆ ನಿಂತ ಒಂದೇ ಬಂಡೆಯ ಬೆಟ್ಟವೇ ದನಿಯನ್ನು ಜನರ ಕಡೆಗೆ ತಿರುಗಿಸುತ್ತದೆ ಎಂದು ಅವರು ಮೊದಲೇ ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡಿದ್ದರು. ಕುಡಿಯಲು ಮಣ್ಣಿನ ಹರವಿಗಳಲ್ಲಿ ನೀರು, ಸ್ಟೀಲಿನ ಲೋಟ. ಜನ ಕೂರಲು ಮನೆಮನೆಯಿಂದ ತಂದ ಚಾಪೆ, ಜಮಖಾನ.

ನಾನು ಅಸರ್ ನಮಾಜು ಮುಗಿಸಿ, ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಬಿಳಿಯ ಷರ್ಟು ಹಾಕಿಕೊಂಡು ನನ್ನ ಪೈಪುಗಳ ಹಿಂದೆ ನಿಂತೆ. ಸುತ್ತಿಗೆಯ ರಬ್ಬರು ಬಿಗಿಯಾಗಿದೆಯಾ ಎಂದು ನಾಲ್ಕು ಸಲ ನೋಡಿಕೊಂಡೆ. ಅಷ್ಟರಲ್ಲಿ ಗಾಳಿ ಎದ್ದಿತು. ಸಂಗೀತದ ಹಾಳೆಗಳೆಲ್ಲ ಮೈದಾನದ ತುಂಬ ಹಾರಿದವು. ಪಿಟೀಲಿನವರು ವಾದ್ಯ ಹಿಡಿದುಕೊಂಡೇ ಹಾಳೆಗಳ ಹಿಂದೆ ಓಡಿದರು. ಮೈದಾನದ ಪಕ್ಕದ ಮನೆಗಳ ಹೆಂಗಸರು ಇದನ್ನು ನೋಡಿ, ಬಟ್ಟೆ ಒಣಗಿಸುವ ತಂತಿಗಳಿಂದ ಕ್ಲಿಪ್ಪುಗಳನ್ನು ಕಿತ್ತು ಮಡಿಲಲ್ಲಿ ತುಂಬಿಕೊಂಡು ಬಂದರು. ಕೆಂಪು, ಹಸಿರು, ಹಳದಿ ಕ್ಲಿಪ್ಪು ಹಾಕಿದ ಹಾಳೆಗಳನ್ನು ಇಟ್ಟುಕೊಂಡು ಮೂವತ್ತು ಜನ ಕೂತ ಮೇಲೆ ನನ್ನ ಭಯ ಅರ್ಧ ಇಳಿಯಿತು. ನಮ್ಮೂರಿನವರೇ ಆಗಿಬಿಟ್ಟರು ಅನ್ನಿಸಿತು.

ಜನರ ಸಾಲಿನಲ್ಲಿ ರಾಯಚರ್ಲು ಅಮ್ಮನನ್ನು ಹುಡುಕಿದೆ. ಮುಂದೆಯೇ ಇದ್ದಳು, ಪಾವಗಡದಿಂದ ಬಸ್ಸಿನಲ್ಲಿ ಸೊಸೆಯ ಜೊತೆ ಬಂದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿದ್ದಳು.

ಸಂಗೀತ ಶುರುವಾಯಿತು. ಮೊದಲ ಭಾಗ ಹುಲಿಕುಂಟೆಯ ಕುರಿಹಿಂಡು ಬೆಳಿಗ್ಗೆ ಹೊರಡುವುದು. ದಪ್ಪ ಪಿಟೀಲುಗಳ ತಂತಿಯ ಮೇಲೆ ಬೆರಳಿನಿಂದ ಟಕಟಕ ಕುಟ್ಟಿದರು, ಗೊರಸಿನ ಸದ್ದೇ ಅದು. ಆಮೇಲೆ ಕೊರಟಗೆರೆಯ ಜಯಮಂಗಲಿ, ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಕೊಳಲುಗಳು ತುಂಬಿ ಬಂದು, ಕಡೆಗೆ ಬರೀ ಉಸಿರಿನ ಸದ್ದಾಗಿ ಉಳಿದವು. ಮೂರನೆಯದು ಪಾವಗಡದ ಬಿಸಿಲು. ಪಿಟೀಲುಗಳು ತೀರಾ ಮೇಲಿನ ಸ್ವರದಲ್ಲಿ ಎಳೆದಷ್ಟೂ ಎಳೆದವು. ಮಧ್ಯಾಹ್ನ ಆ ಪ್ಯಾನಲುಗಳ ಮೇಲೆ ಗಾಳಿ ಕುದಿಯುವುದನ್ನು ನೋಡಿದವರಿಗೆ ಅದು ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಅಮ್ಮನ ಸೊಸೆ ಅತ್ತೆಯ ತೊಡೆ ತಟ್ಟಿ ಏನೋ ಹೇಳುತ್ತಿದ್ದದ್ದು ಕಂಡಿತು.

ಕೊನೆಯದು ನನ್ನ ಪೈಪುಗಳದ್ದು. ಕೊಳಲಿನ ಅಮ್ಮ ಹೇಳಿದಂತೆ ಒಂದು, ನಾಲ್ಕು, ಎರಡು, ಏಳು ಎಂದು ಬಾರಿಸುತ್ತ ಹೋದೆ. ಪ್ರತಿಯೊಂದಕ್ಕೂ ಬೆಟ್ಟ ಒಂದು ಕ್ಷಣ ತಡೆದು ಉತ್ತರ ಕೊಡುತ್ತಿತ್ತು. ಒಂದು ಸಲ ಐದರ ಬದಲು ಆರು ಬಾರಿಸಿದೆ. ಮೇಡಂ ಹುಬ್ಬು ಹಾರಿಸಿದರೇ ಹೊರತು ಕೋಲು ನಿಲ್ಲಿಸಲಿಲ್ಲ. ಆಮೇಲೆ ಎಲ್ಲರೂ ನಿಲ್ಲಿಸಿದರು. ಅವರು ನನ್ನ ಕಡೆ ತಿರುಗಿ ಅಂಗೈ ಬಿಚ್ಚಿದರು.

ಎಂಟನೆಯದನ್ನು ಬಾರಿಸಿದೆ. ಅದರ ದನಿ ಆರುವ ಮೊದಲೇ ಒಂದು ಪಿಟೀಲು ಎಲ್ಲೋ ಕೆಳಗಿನಿಂದ ಹೊರಟು, ಜಾರುತ್ತ, ತಡವರಿಸುತ್ತ ಅದರ ಹತ್ತಿರ ಬಂದು ನಿಂತಿತು. ಮತ್ತೆ ಬಾರಿಸಿದೆ, ಇನ್ನೊಂದು ಬಂತು. ಮತ್ತೆ ಬಾರಿಸಿದೆ. ಹಾಗೆ ಎಲ್ಲ ತಂತಿವಾದ್ಯಗಳೂ ಬಂದು, ಯಾವ ಹಾರ್ಮೋನಿಯಂ ಪೇಟಿಯಲ್ಲೂ ಸಿಗದ ಆ ಸ್ವರದಲ್ಲಿ ಸೇರಿದವು. ನನ್ನ ತಪ್ಪು ಕೈ ಕತ್ತರಿಸಿದ ದನಿ ಅದು. ಅದು ಅಷ್ಟು ಚೆನ್ನಾಗಿರಬಹುದು ಎಂದು ನನಗೆ ತಿಳಿದಿರಲಿಲ್ಲ. ಕಣ್ಣು ಮಂಜಾಯಿತು. ಬಾರಿಸಬೇಕಾದ ಜಾಗ ಕೈಗೆ ಗೊತ್ತಿದ್ದದ್ದರಿಂದ ಬಚಾವಾದೆ.

ಮುಗಿದ ಮೇಲೆ ಅಮ್ಮ ಸೊಸೆಯ ಕೈ ಹಿಡಿದು ಪೈಪುಗಳ ಹತ್ತಿರ ಬಂದಳು. ಬೆರಳಿಂದ ಗುರುತನ್ನು ತಡಕಿದಳು, ಎರಡು ಗೆರೆ, ಒಂದು ಚುಕ್ಕಿ. ಸುತ್ತಿಗೆ ಇಸಿದುಕೊಂಡು ತಾನೇ ಒಂದು ಏಟು ಹಾಕಿದಳು. ಜೋರಾಗಿಯೇ ಹಾಕಿದಳು. ಹೊರಟಿದ್ದ ಜನ ತಿರುಗಿ ನೋಡಿದರು.

"ಆವಪ್ಪ ಇದ್ದಿದ್ರೆ, ಇದ್ನ ಮಾರ್ದೆ ಇಟ್ಕಂಡಿದ್ದು ಯಾರು ನೋಡು ಅಂತ ನಂಗೇ ಹೇಳೋನು. ಮಾರ್ಬೇಡ ಅಂದೋಳು ನಾನು!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು. ಮೇಡಂ ಅವಳ ಪಾದ ಮುಟ್ಟಲು ಬಗ್ಗಿದರು. ಅಮ್ಮ ತಡೆದು, "ಚೆಂದಾಗೈತೆ. ಆದ್ರೆ ಬೋ ಮೆಲ್ಲಗೆ ಬಾರಿಸ್ತಾನೆ ಇವ್ನು, ಅನ್ನ ಇಕ್ಕಲ್ವಾ ಮನೇಲಿ?" ಎಂದಳು. ಪಕ್ಕದಲ್ಲಿದ್ದ ನನ್ನ ಹೆಂಡತಿ ಮುಖಕ್ಕೆ ದುಪಟ್ಟಾ ಅಡ್ಡ ಹಿಡಿದು ನಕ್ಕದ್ದು ಹೊತ್ತು ಮುಳುಗಿ ಮಗ್ರಿಬ್ ಬಾಂಗು ಕೇಳುವವರೆಗೂ ನಿಲ್ಲಲಿಲ್ಲ.

ಆ ಪೈಪನ್ನು ಅಮ್ಮನಿಗೇ ವಾಪಸು ಕೊಟ್ಟೆವು. ಉಳಿದವುಗಳಲ್ಲಿ ಮೂರು ನಮ್ಮ ಸುತ್ತಿನ ಸ್ಕೂಲುಗಳಲ್ಲಿ ಗಂಟೆಯಾಗಿವೆ, ಉಳಿದವನ್ನು ಮೇಡಂ ಬೇರೆ ಊರುಗಳಿಗೆ ಒಯ್ದರು. ಒಂದು ಸಂಗೀತದಿಂದ ಬೋರುಗಳಲ್ಲಿ ನೀರು ಬಂದಿತೆಂದು ನಾನು ಸುಳ್ಳು ಹೇಳುವುದಿಲ್ಲ. ಬರಲಿಲ್ಲ. ಆದರೆ ನನ್ನ ಶಾಪಿಗೆ ಒಂದು ಹೊಸ ಕೆಲಸ ಬಂತು. ಕಛೇರಿಯ ದಿನ ಮೇಷ್ಟ್ರು ಜನರಿಗೆ, ಬತ್ತಿದ ಬೋರಿನ ಸುತ್ತ ಗುಂಡಿ ತೋಡಿ, ಕಲ್ಲು ಜಲ್ಲಿ ಮರಳು ತುಂಬಿ, ಕೇಸಿಂಗಿಗೆ ಸೀಳು ಕೊರೆದರೆ ಮಳೆಯ ನೀರು ಸೋಸಿ ಒಳಗೆ ಇಳಿಯುತ್ತದೆ ಎಂದು ಹೇಳಿದ್ದರು. ಅದನ್ನು ಕೇಳಿದ ಒಬ್ಬಿಬ್ಬರು, ಆಮೇಲೆ ಅವರನ್ನು ನೋಡಿ ಇನ್ನು ಕೆಲವರು, ಪೈಪಿಗೆ ಸೀಳು ಹಾಕಿಸಲು ನನ್ನ ಹತ್ತಿರ ಬರತೊಡಗಿದರು. ಹಾಡುವ ಪೈಪಿನ ಸಾಬ್ರು ಎಂದು ಕೇಳಿಕೊಂಡು ಬರುತ್ತಾರೆ.

ಕಳೆದ ಮುಂಗಾರಿನಲ್ಲಿ ಹುಲಿಕುಂಟೆಯ ಹತ್ತಿರ ಒಂದು ಹೊಲದಲ್ಲಿ ಅಂಥ ಕೆಲಸ ಮುಗಿಸುತ್ತಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಮಳೆ ಹೊಡೆಯಿತು. ಹೊಲದವನೂ ನಾನೂ ಓಡಿಹೋಗಿ ಹೊಂಗೆಮರದ ಕೆಳಗೆ ನಿಂತೆವು. ಕೆಂಪು ನೀರು ಹರಿದು ಬಂದು ಗುಂಡಿಗೆ ಇಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಹೊಲದವ ನನ್ನ ತೋಳು ಹಿಡಿದು, "ಸುಮ್ಕಿರಿ, ಸುಮ್ಕಿರಿ. ಕೇಳ್ತಾ ಐತಾ ನಿಮ್ಗೆ?" ಎಂದ.

ಕೇಳುತ್ತಿತ್ತು. ಎಷ್ಟೋ ಆಳದಲ್ಲಿ, ಕಲ್ಲಿನ ಮೇಲೆ ನೀರು ಬೀಳುವ ಸದ್ದು. ಇಬ್ಬರೂ ಮಳೆಯಲ್ಲಿ ನೆನೆಯುತ್ತ ಗುಂಡಿಯ ಅಂಚಿಗೆ ಹೋಗಿ ಕೂತು ಕೇಳಿದೆವು.